ಬಣ್ಣ ಬಳಿದ ಹಳೇ ರೋಡ್ ಬೈಕ್: ಯಾವ ಕಂಪನಿ, ಯಾವ ವರ್ಷದ್ದು? (ಹಾಸನ)

ಸಂತೇಪೇಟೆ_700 · ಶನಿವಾರ ಸಂಜೆ 6.10

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸೆಕೆಂಡ್‌ಹ್ಯಾಂಡ್‌ಗೆ ಸಿಕ್ಕ ರೋಡ್ ಬೈಕ್ ಒಂದರ ಜಾತಕ ಬೇಕಿದೆ. ಬಿಲ್ ಇಲ್ಲ. ಫ್ರೇಮ್ ಪೂರ್ತಿ ತಿಳಿ ಹಸಿರು–ನೀಲಿ ಸ್ಪ್ರೇ ಬಣ್ಣ. ಡೌನ್ ಟ್ಯೂಬ್ (ಹ್ಯಾಂಡಲ್ ಬುಡದಿಂದ ಪೆಡಲ್ ಕಡೆಗೆ ಇಳಿಯೋ ಪೈಪು) ಮೇಲೆ ‘ಬಿಯಾಂಕಿ’ ಅಂತ ಸ್ಟಿಕ್ಕರ್, ಅದರ ಒಂದು ಮೂಲೆ ಈಗಲೇ ಎದ್ದಿದೆ. ಹ್ಯಾಂಡಲ್ ಬಾಗಿದ್ದು, ಗಾಲಿ 700ಸಿ, ಗೇರ್ ಮುಂದೆ 2, ಹಿಂದೆ 8. ಮುಂದಿನ ಫೋರ್ಕ್ ಕಾರ್ಬನ್ ಥರ ಕಾಣುತ್ತೆ. ಪೆಡಲ್ ಆಕ್ಸಲ್ ಕೂತಿರೋ ಕಪ್ ಮೇಲೆ ‘ಬಿಎಸ್‌ಎ’ ಅಂತ ಕೆತ್ತಿದೆ. ಹಾಗಾದ್ರೆ ಇದು ನಮ್ಮ ಬಿಎಸ್‌ಎ ಸೈಕಲ್ಲೇನಾ? ಕಂಪನಿ, ವರ್ಷ ಎರಡೂ ಗೊತ್ತಾಗಬೇಕು. ಶಿರಾಡಿ ಘಾಟ್ ಇಳಿಸೋಕೆ ನಂಬಬಹುದಾ ಅನ್ನೋದೂ.

ಗಾಲಿ_ನೇರ · ಶನಿವಾರ ಸಂಜೆ 6.45

ಮೊದಲು ಬಿಎಸ್‌ಎ ವಿಷಯ ಮುಗಿಸೋಣ, ಪ್ರತಿ ಸಲ ಯಾರಾದರೂ ಇದರಲ್ಲಿ ಬೀಳ್ತಾರೆ. ಕಪ್ ಮೇಲಿರೋದು ಥ್ರೆಡ್ಡಿನ ಹೆಸರು. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯ ಹೆಸರೇ ಆ ಥ್ರೆಡ್ಡಿಗೂ ಅಂಟಿಕೊಂಡಿದೆ: 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಬಹಳಷ್ಟು ರೋಡ್ ಬೈಕಿನಲ್ಲಿ ಅದೇ ಇರುತ್ತೆ. ಹತ್ತಿರದಲ್ಲೇ ‘68-113’ ಅಂತ ಏನಾದರೂ ಕಂಡರೆ ಅದೂ ಸೀರಿಯಲ್ ನಂಬರಲ್ಲ. ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್, ಅಂದರೆ ಪೆಡಲ್ ಆಕ್ಸಲ್ ಹಾಯೋ ಫ್ರೇಮಿನ ಅಡ್ಡ ಪೈಪು, ಅದರ ಅಗಲ 68 ಮಿ.ಮೀ., ಆಕ್ಸಲ್ ಉದ್ದ 113 ಮಿ.ಮೀ. ಅಷ್ಟೇ.

ಸ್ಟಿಕ್ಕರ್ ಮರೆತುಬಿಡಿ. ಬಿಯಾಂಕಿ 1885ರಿಂದ ಇರೋ ಇಟಲಿ ಕಂಪನಿ, ಆ ಹಸಿರು–ನೀಲಿಗೆ ‘ಸೆಲೆಸ್ಟೆ’ ಅಂತಾರೆ. ಬಣ್ಣ ಅಷ್ಟು ಹೆಸರುವಾಸಿ ಆಗಿರೋದರಿಂದಲೇ ಯಾವ ಸೈಕಲ್ಲಿಗೆ ಬೇಕಾದರೂ ಅದನ್ನು ಹೊಡೆದು ಸ್ಟಿಕ್ಕರ್ ಅಂಟಿಸ್ತಾರೆ.

ನಾಳೆ ಬೆಳಕಲ್ಲಿ ಇಷ್ಟು ನೋಡಿ ಹಾಕಿ:
1. ಫ್ರಿಜ್ ಮೇಲಿನ ಅಯಸ್ಕಾಂತ ಫ್ರೇಮಿಗೆ ಅಂಟುತ್ತಾ?
2. ಹಿಂದಿನ ಗಾಲಿ ಬಿಚ್ಚಿ, ಆಕ್ಸಲ್ ಕೂರುವ ಎರಡು ಡ್ರಾಪ್‌ಔಟ್‌ಗಳ ಒಳಮೈ ನಡುವೆ ಎಷ್ಟು ಮಿ.ಮೀ.?
3. ಬಿ.ಬಿ. ಶೆಲ್ಲಿನ ಅಗಲ.
4. ಸೀಟ್ ಪೋಸ್ಟ್ ವ್ಯಾಸ. ಸಾಮಾನ್ಯವಾಗಿ ಅದರ ಮೈಮೇಲೇ, ಸೀಟ್ ಟ್ಯೂಬ್ ಒಳಗೆ ಹೋಗೋ ಭಾಗದಲ್ಲಿ ಕೊರೆದಿರುತ್ತಾರೆ.
5. ಹಿಂದಿನ ಡಿರೇಲರ್ (ಚೈನನ್ನು ಗೇರಿಂದ ಗೇರಿಗೆ ಸರಿಸೋ ಭಾಗ), ಮುಂದಿನ ಡಿರೇಲರ್, ಬ್ರೇಕ್, ಎಡ ಕ್ರ್ಯಾಂಕ್ (ಪೆಡಲ್ ಕೂತಿರೋ ತೋಳು): ನಾಲ್ಕರ ಹಿಂಬದಿಯಲ್ಲೂ ಇರೋ ಅಕ್ಷರ, ಅಂಕಿ.
6. ಬಿ.ಬಿ. ಶೆಲ್ಲಿನ ತಳದ ಫೋಟೋ.

ಇನ್ನೂರು ರೂಪಾಯಿ ಒಳಗಿನ ಪ್ಲಾಸ್ಟಿಕ್ ವರ್ನಿಯರ್ ಸಾಕು. ಟೇಪಲ್ಲಿ ಅಳೆಯಬೇಡಿ, 126ಕ್ಕೂ 130ಕ್ಕೂ ವ್ಯತ್ಯಾಸ ಗೊತ್ತಾಗಲ್ಲ.

ಕೈಮರ_ಏರು · ಶನಿವಾರ ರಾತ್ರಿ 8.05

ಅಯಸ್ಕಾಂತದ ಜೊತೆಗೆ ಬೆಸುಗೆ ನೋಡಿ ಮಾರಾಯ್ರೆ. ಮೀನಿನ ಹುರುಪೆ ಜೋಡಿಸಿಟ್ಟ ಹಾಗೆ ದಪ್ಪ ಬೆಸುಗೆ ಇದ್ದರೆ ಅಲ್ಯೂಮಿನಿಯಂ. ಸ್ಟೀಲಿನ ಟಿಗ್ ಬೆಸುಗೆ ಸಣ್ಣದು, ಮಟ್ಟಸ. ಪೈಪುಗಳು ತೋಳು ಹಾಕಿದ ಥರ ಜೋಡಣೆ ತುಂಡಿನೊಳಗೆ ಹೊಕ್ಕಿದ್ದರೆ ಲಗ್ ಫ್ರೇಮ್, ಆಗ ವಯಸ್ಸಿನ ಲೆಕ್ಕವೇ ಬೇರೆ. ಪುಟ್ಟಿ ಹಾಕಿ ಬೆಸುಗೆ ಮುಚ್ಚಿರುವುದೂ ಉಂಟು, ಉಗುರಲ್ಲಿ ತಟ್ಟಿ ನೋಡಿ. ಪುಟ್ಟಿ ಮಂಕಾಗಿ ಸದ್ದು ಮಾಡ್ತದೆ.

ಸಂತೇಪೇಟೆ_700 · ಭಾನುವಾರ ಬೆಳಿಗ್ಗೆ 11.20

ಅಳತೆ ಹಾಕ್ತಿದೀನಿ ಅಣ್ಣ.
ಅಯಸ್ಕಾಂತ ಅಂಟಲ್ಲ. ಬೆಸುಗೆ ದಪ್ಪ, ಹುರುಪೆ ಥರವೇ.
ಡ್ರಾಪ್‌ಔಟ್ ನಡುವೆ 130.2.
ಶೆಲ್ 68. ಬಲಗಡೆ ಕಪ್ಪನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದಾಗ ಬಿಚ್ಚಿತು.
ಸೀಟ್ ಪೋಸ್ಟ್ 27.2.
ಹಿಂದಿನ ಡಿರೇಲರ್: ‘ಆರ್‌ಡಿ-2300’, ಪಕ್ಕದಲ್ಲಿ ‘ಎಸ್‌ಎಸ್’, ಒಳಗಡೆ ಸಣ್ಣದಾಗಿ ‘ಜೆಎಫ್’.
ಮುಂದಿನ ಡಿರೇಲರ್: ‘ಜೆಇ’.
ಎಡ ಕ್ರ್ಯಾಂಕ್: ‘ಎನ್‌ಸಿ’.
ಬ್ರೇಕ್ ಮೇಲೆ ಶಿಮಾನೊ (ಬಿಡಿಭಾಗ ಮಾಡೋ ಜಪಾನ್ ಕಂಪನಿ) ಹೆಸರಿಲ್ಲ.
ಬಿ.ಬಿ. ತಳದಲ್ಲಿ ಬಣ್ಣ ದಪ್ಪಗೆ ತುಂಬಿಕೊಂಡಿದೆ. ಏನೋ ಕೊರೆದಿರೋ ಹಾಗಿದೆ, ಓದೋಕಾಗ್ತಿಲ್ಲ.

ಎತ್ತಿನಹೊಳೆ · ಭಾನುವಾರ ಮಧ್ಯಾಹ್ನ 12.02

ಶಿಮಾನೊ ಕೋಡಿನಲ್ಲಿ ‘ಜೆ’ ಅಂದರೆ 1985. ಸೈಕಲ್ ನಲವತ್ತು ವರ್ಷದ್ದು.

ಮಿಲಿಮೀಟರ್_ಅಕ್ಕ · ಭಾನುವಾರ ಮಧ್ಯಾಹ್ನ 12.40

‘ಜೆ’ 1985 ಹೌದು, ಆದರೆ ಅಷ್ಟಕ್ಕೇ ನಿಲ್ಲಬಾರದು. ಶಿಮಾನೊ ಕೋಡ್ ಎರಡಕ್ಷರದ್ದು. ಮೊದಲನೆಯದು ವರ್ಷ: ಎ ಅಂದರೆ 1976, ಬಿ 1977, ಹೀಗೆ ಝಡ್ 2001. ಅಲ್ಲಿಗೆ 26 ಅಕ್ಷರ ಮುಗಿದು, 2002ರಿಂದ ಮತ್ತೆ ಎ. ಅಂದರೆ ‘ಜೆ’ 1985 ಆಗಬಹುದು, 2011ಕ್ಕೂ ಆಗಬಹುದು. ಎರಡನೆಯ ಅಕ್ಷರ ತಿಂಗಳು, ಎ ಜನವರಿಯಿಂದ ಎಲ್ ಡಿಸೆಂಬರ್ ತನಕ. ಎರಡನೆಯ ಅಕ್ಷರ ಎಲ್ ದಾಟಿದ್ದರೆ ಅದು ದಿನಾಂಕದ ಕೋಡೇ ಅಲ್ಲ. ಇಲ್ಲಿರುವ ‘ಎಸ್‌ಎಸ್’ ಹಾಗೆಯೇ: ಡಿರೇಲರಿನ ಚಿಕ್ಕ ಕೇಜ್ (ಚೈನ್ ಹಾಯೋ ಚೌಕಟ್ಟು) ಅಂತ ಅರ್ಥ. ‘ಜಿಎಸ್’ ಇದ್ದರೆ ಮಧ್ಯಮ, ‘ಎಸ್‌ಜಿಎಸ್’ ಉದ್ದ.

ಈಗ 1985ಕ್ಕೋ 2011ಕ್ಕೋ ಅನ್ನೋದನ್ನ ಅಕ್ಷರ ಹೇಳಲ್ಲ, ಫ್ರೇಮ್ ಹೇಳುತ್ತೆ. ಡ್ರಾಪ್‌ಔಟ್ ಅಂತರ ಹಿಂದಿನ ಗೇರಿನ ಸಂಖ್ಯೆಯ ಜೊತೆ ಬೆಳೆದುಕೊಂಡು ಬಂದಿದೆ. 5 ಗೇರಿನ ಕಾಲಕ್ಕೆ 120, 6–7ಕ್ಕೆ 126, 8ರಿಂದ ಮುಂದಕ್ಕೆ 130. ಡಿಸ್ಕ್ ಬ್ರೇಕಿನ ರೋಡ್ ಬೈಕಾದರೆ 135, ದಪ್ಪ ಥ್ರೂ ಆಕ್ಸಲ್ ಬಂದಮೇಲೆ 142. 1985ರ ರೋಡ್ ಫ್ರೇಮಿಗೆ 130 ಇರಲ್ಲ. ಯಾರಾದರೂ ಸ್ಟೀಲ್ ಫ್ರೇಮನ್ನು ಎಳೆದು ಅಗಲಿಸಿರಬಹುದಿತ್ತು, ಆದರೆ ಇದು ಅಲ್ಯೂಮಿನಿಯಂ, ಎಳೆದರೆ ಬೆಸುಗೆ ಹತ್ತಿರ ಸೀಳುತ್ತೆ. ಜೊತೆಗೆ 2300 ಅನ್ನೋದು ಶಿಮಾನೊದ 8 ಗೇರಿನ ಅಗ್ಗದ ರೋಡ್ ಸೆಟ್. 2013ರಲ್ಲಿ ಕ್ಲಾರಿಸ್ 2400 ಅದರ ಜಾಗಕ್ಕೆ ಬಂತು. ಹಾಗಾಗಿ ‘ಜೆಎಫ್’ ಅಂದರೆ 2011ರ ಜೂನ್, ‘ಜೆಇ’ ಅಂದರೆ 2011ರ ಮೇ.

‘ಎನ್‌ಸಿ’ 2015ರ ಮಾರ್ಚ್. ಕ್ರ್ಯಾಂಕ್ ಆಮೇಲೆ ಬದಲಾಗಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿಡಿಭಾಗ ಎಷ್ಟೇ ಹೊಸದಿರಲಿ, ಫ್ರೇಮಿನ ವಯಸ್ಸು ಅದರಿಂದ ಇಳಿಯಲ್ಲ. ಎರಡು ಮೂರು ಭಾಗಗಳ ಕೋಡ್ ಒಂದೆರಡು ತಿಂಗಳ ಅಂತರದಲ್ಲಿ ಕೂತಿದ್ದರೆ ಮಾತ್ರ ಅವು ಫ್ಯಾಕ್ಟರಿಯಿಂದಲೇ ಒಟ್ಟಿಗೆ ಬಂದವು ಅಂತ ನಂಬಬಹುದು.

ಒಂದು ಪ್ರಶ್ನೆ: ಗೇರ್ ಬದಲಿಸೋ ಲಿವರಿನ ಒಳಪಕ್ಕದಲ್ಲಿ ಹೆಬ್ಬೆರಳಿಗೆ ಸಿಗೋ ಚಿಕ್ಕ ಬಟನ್ ಇದೆಯಾ?

ಸಂತೇಪೇಟೆ_700 · ಭಾನುವಾರ ಮಧ್ಯಾಹ್ನ 1.05

ಇದೆ ಅಕ್ಕ, ಎರಡೂ ಕಡೆ. ಗೇರ್ ಕೇಬಲ್ ಲಿವರಿನ ಪಕ್ಕದಿಂದ ಹೊರಗೆ ಬಟ್ಟೆ ಒಣಗಿಸೋ ಹಗ್ಗದ ಥರ ನೇತಾಡುತ್ತೆ.

ಮಿಲಿಮೀಟರ್_ಅಕ್ಕ · ಭಾನುವಾರ ಮಧ್ಯಾಹ್ನ 1.15

ಹಾಗಾದರೆ ಲಿವರೂ ಅದೇ ಕಾಲದ್ದು. ಹೆಬ್ಬೆರಳ ಬಟನ್ 2300ರಲ್ಲಿತ್ತು, ಶಿಮಾನೊದ ಹಳೇ ಸೋರಾ ಸೆಟ್ಟಲ್ಲಿತ್ತು. ಕ್ಲಾರಿಸ್ 2400ಕ್ಕೆ ಬಟನ್ ಹೋಯಿತು, ಆದರೆ ಕೇಬಲ್ ಹೊರಗೇ ಉಳಿಯಿತು. 2017ರ ಕ್ಲಾರಿಸ್ ಆರ್2000ಕ್ಕೆ ಕೇಬಲ್ಲೂ ಹ್ಯಾಂಡಲ್ ಟೇಪಿನ ಕೆಳಗೆ ಹೋಯಿತು. ಮೂರು ಮೀಟರ್ ದೂರದಿಂದಲೇ ಇಷ್ಟು ಹೇಳಬಹುದು.

ಎತ್ತಿನಹೊಳೆ · ಭಾನುವಾರ ಮಧ್ಯಾಹ್ನ 1.30

ಒಪ್ಪಿದೆ, ನನ್ನದು ಅವಸರದ ಮಾತು. ಆದರೆ 68 ಶೆಲ್ ಇರೋದರಿಂದ ಬಿಯಾಂಕಿ ಅಲ್ಲ ಅಂತ ಈಗಲೇ ಹೇಳಬಹುದಲ್ವಾ? ಇಟಲಿ ಅಂದರೆ 70.

ಗಾಲಿ_ನೇರ · ಭಾನುವಾರ ಮಧ್ಯಾಹ್ನ 2.10

ಹಳೇ ಇಟಲಿ ಸ್ಟೀಲ್ ಫ್ರೇಮಾದರೆ ಸರಿ: 70 ಮಿ.ಮೀ. ಅಗಲ, 36 ಮಿ.ಮೀ. ವ್ಯಾಸ, ಇಂಚಿಗೆ 24, ಎರಡೂ ಕಡೆ ಬಲ ಥ್ರೆಡ್. ಫ್ರೆಂಚ್ ಆದರೆ 68 ಅಗಲ, 35 ವ್ಯಾಸ, 1 ಮಿ.ಮೀ. ಪಿಚ್, ಅಲ್ಲೂ ಎರಡೂ ಕಡೆ ಬಲ. ಸ್ವಿಸ್‌ದು ಅದೇ 35×1, ಆದರೆ ಚೈನ್ ಕಡೆ ಎಡ ಥ್ರೆಡ್. ನಮ್ಮದು ಗಡಿಯಾರದ ದಿಕ್ಕಿಗೆ ಬಿಚ್ಚಿತಲ್ಲ, ಹಾಗಾಗಿ ಚೈನ್ ಕಡೆ ಎಡ ಥ್ರೆಡ್, 1.37×24, ಅಂದರೆ ಇಂಗ್ಲಿಷ್. ಇಟಲಿ ಹೆಸರಿನ ಕಂಪನಿಗಳೂ ಅಗ್ಗದ ಅಲ್ಯೂಮಿನಿಯಂ ಬೈಕಿಗೆ ಇಂಗ್ಲಿಷ್ ಥ್ರೆಡ್ಡನ್ನೇ ಹಾಕಿರಬಹುದು. ಆದ್ದರಿಂದ 68 ಇದ್ದ ಮಾತ್ರಕ್ಕೆ ಬಿಯಾಂಕಿ ಅಲ್ಲ ಅನ್ನೋಕಾಗಲ್ಲ. 70 ಇದ್ದಿದ್ದರೆ ಹೌದು ಅನ್ನೋಕೆ ಬಲ ಬರ್ತಿತ್ತು, ಅಷ್ಟೇ.

ಕಂಪನಿ ತಿಳಿಯೋಕೆ ಈಗ ತಳದ ನಂಬರು ಓದಲೇಬೇಕು. ಬಣ್ಣದವರು ಇದ್ದಾರಲ್ಲ, ಹೇಳಿ.

ಬಣ್ಣದಂಗಡಿ · ಭಾನುವಾರ ಸಂಜೆ 5.30

ಬಂದೆ. ಮೊದಲು ಮಾಡಬಾರದ್ದು: ಸ್ಟೀಲ್ ಬ್ರಷ್, ಗ್ರೈಂಡರ್, 80 ನಂಬರ್ ಎಮರಿ. ಈ ಮೂರೂ ಅಂಕಿಯನ್ನೇ ಅಳಿಸಿಬಿಡುತ್ತವೆ. ಅಲ್ಯೂಮಿನಿಯಂ ಮೆತ್ತಗೆ, ಅಚ್ಚು ಆಳ ಇರಲ್ಲ.

ಡಬ್ಬಿ ಸ್ಪ್ರೇ ಹೊಡೆದ ಸೈಕಲ್ಲಿಗೆ ಒಂದು ಅನುಕೂಲ ಇದೆ. ಡಬ್ಬಿಯಲ್ಲಿರೋದು ಗಾಳಿಗೆ ಒಣಗೋ ಲ್ಯಾಕರ್, ಥಿನ್ನರ್ ತಾಗಿದರೆ ಮತ್ತೆ ಕರಗುತ್ತೆ. ಫ್ಯಾಕ್ಟರಿಯಲ್ಲಿ ಒಲೆಗಿಟ್ಟು ಬೇಯಿಸಿದ ಬಣ್ಣ ಅಷ್ಟು ಬೇಗ ಕರಗಲ್ಲ. ಹಾಗಾಗಿ ಮೇಲಿನ ಬಣ್ಣ ಮಾತ್ರ ಎತ್ತಿ ಕೆಳಗಿನದನ್ನು ಉಳಿಸಿಕೊಳ್ಳಬಹುದು. ಎರಡು ಡಬ್ಬಿ ಕಲಸಿ ಗನ್ನಲ್ಲಿ ಹೊಡೆದ ಪಿಯು (ಪಾಲಿಯುರೆಥೇನ್) ಬಣ್ಣ ಆಗಿದ್ದರೆ ಇದು ನಡೆಯಲ್ಲ, ಆಗ ಪೇಂಟ್ ರಿಮೂವರೇ ಗತಿ, ಹಳೇ ಬಣ್ಣವೂ ಅದರ ಜೊತೆ ಹೋಗುತ್ತೆ.

ಮಾಡೋ ಕ್ರಮ: ಸೈಕಲ್ ತಲೆಕೆಳಗೆ ನಿಲ್ಲಿಸಿ. ಬಿ.ಬಿ. ತಳದಲ್ಲಿ ಗೇರ್ ಕೇಬಲ್ ಹಾಯೋ ಪ್ಲಾಸ್ಟಿಕ್ ತುಂಡಿಗೆ ಒಂದೇ ಸ್ಕ್ರೂ ಇರುತ್ತೆ, ಅದನ್ನು ಬಿಚ್ಚಿ. ಸ್ಪ್ರೇ ಹೊಡೆದವರು ಆ ತುಂಡನ್ನು ತೆಗೆಯೋ ಗೋಜಿಗೆ ಹೋಗಿರಲ್ಲ, ಅದರ ಕೆಳಗೆ ಮೂಲ ಬಣ್ಣ ಸಿಗುತ್ತೆ. ಹತ್ತಿಗೆ ಥಿನ್ನರ್ ಅದ್ದಿ ಅಂಕಿ ಇರೋ ಕಡೆ ಅರ್ಧ ನಿಮಿಷ ಒತ್ತಿ ಹಿಡಿದು ಒರೆಸಿ. ಪ್ರತಿ ಸಲ ಹೊಸ ಹತ್ತಿ, ಇಲ್ಲವಾದರೆ ಕರಗಿದ ಬಣ್ಣವೇ ಮತ್ತೆ ಅಚ್ಚಿನೊಳಗೆ ತುಂಬಿಕೊಳ್ಳುತ್ತೆ. ಉಳಿದದ್ದನ್ನು ಹಳೇ ಟೂತ್ ಬ್ರಷ್ ಮತ್ತು ಬಿದಿರು ಕಡ್ಡಿಯಿಂದ ಕೀಳಿ. ಕೈಗವಸು ಹಾಕಿ, ಕಿಟಕಿ ತೆಗೆದಿಡಿ, ಸ್ಟೋವ್ ಹತ್ತಿರ ಬೇಡ. ಕಾರ್ಬನ್ ಫೋರ್ಕಿಗೆ ಥಿನ್ನರ್ ಹನಿಯೂ ತಾಗಬಾರದು, ಪ್ಲಾಸ್ಟಿಕ್ ಸುತ್ತಿಡಿ. ಪೇಂಟ್ ರಿಮೂವರ್ ಅಂತೂ ಅದರ ಹತ್ತಿರವೇ ಬೇಡ, ನಾರನ್ನು ಹಿಡಿದಿರೋ ರೆಸಿನ್ನನ್ನೇ ತಿನ್ನುತ್ತೆ.

ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ, ಮೇಲಿನದನ್ನು ಬೆರಳಲ್ಲಿ ಒರೆಸಿ. ಅಚ್ಚಿನೊಳಗೆ ಬಿಳಿ ನಿಲ್ಲುತ್ತೆ. ಟಾರ್ಚನ್ನು ಎದುರಿಂದ ಹಿಡಿಯಬೇಡಿ, ಪಕ್ಕದಿಂದ ಫ್ರೇಮಿಗೆ ಮಲಗಿಸಿ ಹಿಡಿದು ಫೋಟೋ ತೆಗೆಯಿರಿ. ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೂ ಮೂಡುತ್ತೆ. 5ಕ್ಕೂ ಎಸ್‌ಗೂ, 8ಕ್ಕೂ ಬಿಗೂ, ಸೊನ್ನೆಗೂ ಓಗೂ ಮೋಸ ಹೋಗೋದು ಸಾಮಾನ್ಯ. ಎರಡು ಕೋನದಿಂದ ನೋಡಿ ಬರೆದುಕೊಳ್ಳಿ.

ಕೈಮರ_ಏರು · ಭಾನುವಾರ ಸಂಜೆ 6.00

ಮೂಲ ಬಣ್ಣ ಅಡಗಿರೋ ಜಾಗ ಇನ್ನೂ ಉಂಟು: ಸೀಟ್ ಕ್ಲಾಂಪಿನ ಅಡಿ, ಫೋರ್ಕ್ ಇಳಿಸಿದರೆ ಹೆಡ್ ಟ್ಯೂಬ್ (ಫೋರ್ಕಿನ ಕಂಬ ಹಾಯುವ ಮುಂದಿನ ಪೈಪು) ಅಂಚು, ಹಿಂದಿನ ಬ್ರೇಕ್ ಕೂರುವ ಸೇತುವೆಯ ಹಿಂಬದಿ, ಮುಂದಿನ ಡಿರೇಲರ್ ಪಟ್ಟಿ ಕಟ್ಟಿರುವ ಉಂಗುರದ ಜಾಗ. ಫೋರ್ಕ್ ಇಳಿಸಿದಾಗ ಅದರ ಕಂಬದ ಮೇಲೆ ಸಣ್ಣ ಚೀಟಿ ಇದ್ದರೆ ಬಿಡಬೇಡಿ. ‘ಇಎನ್ 14781’ ಅಂತಿದ್ದರೆ ಅದು 2005ರಲ್ಲಿ ಬಂದ ಯುರೋಪಿನ ರೇಸಿಂಗ್ ಸೈಕಲ್ ಮಾನದಂಡ. ‘ಐಎಸ್‌ಒ 4210’ ಅಂತಿದ್ದರೆ, 2014ರಲ್ಲಿ ಅದರ ಜಾಗಕ್ಕೆ ಬಂದದ್ದು. ಹ್ಯಾಂಡಲ್, ಸ್ಟೆಮ್ ಮೇಲೂ ಇವು ಇರ್ತವೆ. ಸ್ಪ್ರೇ ಹೊಡೆಯುವವರು ಅಲ್ಲಿಗೆ ಕೈ ಹಾಕಿರುವುದಿಲ್ಲ.

ಸಂತೇಪೇಟೆ_700 · ಸೋಮವಾರ ರಾತ್ರಿ 9.35

ಥಿನ್ನರಿಗೆ ಬಣ್ಣ ಕರಗಿತು! ಕೇಬಲ್ ತುಂಡಿನ ಕೆಳಗೆ ಕಪ್ಪು ಬಣ್ಣ ಹೊಳೆಯುತ್ತಿದೆ. ನಂಬರು ‘ಡಬ್ಲ್ಯುಎಸ್‌ಬಿಸಿ’ ಅಂತ ಶುರುವಾಗುತ್ತೆ, ಆಮೇಲೆ ಸಾಲಾಗಿ ಅಂಕಿಗಳು, ಕೊನೆಗೊಂದು ಅಕ್ಷರ. ಪೂರ್ತಿ ಹಾಕಲಾ?

ಫೋರ್ಕಿನ ಕಂಬದ ಮೇಲೆ ‘ಇಎನ್ 14781’ ಚೀಟಿಯೂ ಇದೆ.

ಗಾಲಿ_ನೇರ · ಸೋಮವಾರ ರಾತ್ರಿ 9.50

ಪೂರ್ತಿ ನಂಬರ್ ಇಲ್ಲಿ ಹಾಕಬೇಡಿ. ಯಾರಾದರೂ ಅದನ್ನು ತೋರಿಸಿ ‘ನಂದು’ ಅನ್ನಬಹುದು.

ಡಬ್ಲ್ಯುಎಸ್‌ಬಿಸಿ ಅಂದರೆ ಸ್ಪೆಷಲೈಸ್ಡ್ ಅನ್ನೋ ಅಮೆರಿಕದ ಸೈಕಲ್ ಕಂಪನಿ. ‘ಡಬ್ಲ್ಯುಟಿಯು’ ಅಂತ ಶುರುವಾಗಿದ್ದರೆ ಟ್ರೆಕ್ ಆಗ್ತಿತ್ತು. ಬಿಯಾಂಕಿ ಕಥೆ ಅಲ್ಲಿಗೆ ಮುಗೀತು. ಅಲ್ಯೂಮಿನಿಯಂ, ಬಾಗಿದ ಹ್ಯಾಂಡಲ್, ಅಗ್ಗದ ಸೆಟ್ ಅಂದಾಗ ಆ ಕಾಲಕ್ಕೆ ಎರಡೇ ಮುಖ್ಯ ಸಾಧ್ಯತೆ, ಅವರ ಅಲ್ಲೆ ಅಥವಾ ಸೆಕ್ಟರ್ ಮಾಡೆಲ್. ಸೆಕ್ಟರಿನ ಹೆಡ್ ಟ್ಯೂಬ್ ಎತ್ತರ, ಕೂರೋ ಭಂಗಿ ನೆಟ್ಟಗೆ. ಅಲ್ಲೆಯದ್ದು ಗಿಡ್ಡ. ಟಾಪ್ ಟ್ಯೂಬ್ ಮೇಲೂ ಥಿನ್ನರ್ ಆಡಿಸಿ, ಹೆಸರು ಸಿಗಬಹುದು.

ಬಣ್ಣದಂಗಡಿ · ಸೋಮವಾರ ರಾತ್ರಿ 10.05

ಸಿಗಬಹುದು, ಸಿಗದೇನೂ ಇರಬಹುದು. ಫ್ಯಾಕ್ಟರಿ ಅಕ್ಷರ ಕ್ಲಿಯರ್ ಕೋಟಿನ ಅಡಿಯಲ್ಲಿರುತ್ತೆ. ಸ್ಪ್ರೇಗೆ ಮುಂಚೆ ಎಮರಿ ಹೊಡೆದಿದ್ದರೆ ಅಕ್ಷರ ಹೋಗಿರುತ್ತೆ, ಆದರೂ ಅಕ್ಷರವಿದ್ದ ಕಡೆ ಕೂದಲೆಳೆಯಷ್ಟು ಉಬ್ಬು ಉಳಿದಿರುತ್ತೆ. ಟಾರ್ಚ್ ಮಲಗಿಸಿ ನೋಡಿ. ಕಾಣದಿದ್ದರೆ 1000 ನಂಬರ್ ವಾಟರ್ ಪೇಪರನ್ನು ರಬ್ಬರ್ ತುಂಡಿಗೆ ಸುತ್ತಿ, ಸೋಪು ನೀರಲ್ಲಿ ಹಗುರಾಗಿ ಎಳೆಯಿರಿ. ಉಬ್ಬಿನ ಮೇಲೆ ಬಣ್ಣ ಮೊದಲು ಸವೆದು ಅಂಚು ಕಾಣುತ್ತೆ. ಬೆರಳಲ್ಲೇ ಒತ್ತಿ ಉಜ್ಜಿದರೆ ಗುಂಡಿ ಬೀಳುತ್ತೆ, ರಬ್ಬರ್ ತುಂಡು ಬೇಕೇ ಬೇಕು.

ಎತ್ತಿನಹೊಳೆ · ಮಂಗಳವಾರ ಬೆಳಿಗ್ಗೆ 7.15

ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಸಕಲೇಶಪುರ ಕಡೆಯ ಎಸ್ಟೇಟ್ ಒಂದರಲ್ಲಿರೋ ಸ್ಟೀಲ್ ರೋಡ್ ಬೈಕಿನ ಅಳತೆ: ಲಗ್ ಫ್ರೇಮ್, ಡ್ರಾಪ್‌ಔಟ್ 126, ಶೆಲ್ 68, ಚೈನ್ ಕಡೆ ಎಡ ಥ್ರೆಡ್, ಹಿಂದೆ 6 ಗೇರ್, ಗೇರ್ ಲಿವರ್ ಡೌನ್ ಟ್ಯೂಬ್ ಮೇಲೆ. ಶಿಮಾನೊ 105ರ ಡಿರೇಲರ್ ‘ಎಂಬಿ’, ಬ್ರೇಕ್ ‘ಎಲ್‌ಕೆ’. ಹೆಡ್ ಟ್ಯೂಬಿನಲ್ಲಿ ಪುಟ್ಟಿ ತುಂಬಿದ ಎರಡು ತೂತು. ಬ್ರೇಕ್ ರಬ್ಬರ್ ರಿಮ್ಮಿಗೆ ಸರಿಯಾಗಿ ಕೂರದೆ ಟೈರಿಗೆ ತಾಗುತ್ತೆ.

ಮಿಲಿಮೀಟರ್_ಅಕ್ಕ · ಮಂಗಳವಾರ ಬೆಳಿಗ್ಗೆ 8.30

ಇದಕ್ಕೆ ಹಳೇ ಸುತ್ತಿನ ಲೆಕ್ಕವೇ ಸರಿ. ಎಲ್‌ಕೆ 1987ರ ನವೆಂಬರ್, ಎಂಬಿ 1988ರ ಫೆಬ್ರವರಿ. 126 ಅಂತರ, 6 ಗೇರ್, ಡೌನ್ ಟ್ಯೂಬ್ ಲಿವರ್ ಮೂರೂ ಅದಕ್ಕೆ ಹೊಂದುತ್ತವೆ. ಬ್ರೇಕ್ ಲಿವರಿನಲ್ಲೇ ಗೇರ್ ಬದಲಿಸೋದು ಶಿಮಾನೊದಲ್ಲಿ ಬಂದಿದ್ದೇ 1990ರಲ್ಲಿ. ಸೈಕಲ್ 1988ರದ್ದು ಅಂತ ಇಟ್ಟುಕೊಳ್ಳಿ.

ಸೀಟ್ ಪೋಸ್ಟ್ ಅಳೆಯಿರಿ, ಪೈಪಿನ ದರ್ಜೆ ಅದರಲ್ಲಿದೆ. ಅದು 0.2 ಮಿ.ಮೀ. ಹೆಜ್ಜೆಯಲ್ಲಿ ಬರುತ್ತೆ. 27.2 ಇದ್ದರೆ ತೆಳು ಪೈಪಿನ ಒಳ್ಳೆ ಫ್ರೇಮ್, 26.4–26.8 ಮಧ್ಯಮ, 25.4–25.8 ಅಂದರೆ ದಪ್ಪ ಗೋಡೆಯ ಸಾದಾ ಸ್ಟೀಲ್. ಹೊರ ಅಳತೆ ಒಂದೇ, ಗೋಡೆ ದಪ್ಪವಾದಷ್ಟೂ ಒಳಗಿನ ತೂತು ಕಿರಿದು.

ರಬ್ಬರ್ ಟೈರಿಗೆ ತಾಗೋದಕ್ಕೆ ಕಾರಣ ಗಾಲಿ ಇರಬೇಕು. ಟೈರಿನ ಪಕ್ಕದಲ್ಲಿ 622 ಅಂತಿದ್ದರೆ 700ಸಿ, 630 ಅಂತಿದ್ದರೆ 27 ಇಂಚು. ನಮ್ಮ ಹಾಲಿನವರ 28 ಇಂಚಿನ ಸೈಕಲ್ 635. 622ಕ್ಕೂ 630ಕ್ಕೂ ವ್ಯಾಸದಲ್ಲಿ 8, ಅಂದರೆ ಬ್ರೇಕಿನ ಹತ್ತಿರ 4 ಮಿ.ಮೀ. ವ್ಯತ್ಯಾಸ. 27 ಇಂಚಿನ ಫ್ರೇಮಿಗೆ 700ಸಿ ಹಾಕಿದಾಗ ರಿಮ್ 4 ಮಿ.ಮೀ. ಒಳಗೆ ಸರಿಯುತ್ತೆ, ರಬ್ಬರ್ ಟೈರಿಗೆ ತಾಗುತ್ತೆ. ರಬ್ಬರನ್ನು ಸೀಳಿನಲ್ಲಿ ಕೆಳಗಿಳಿಸಿ. ಜಾಗ ಸಾಲದಿದ್ದರೆ ಉದ್ದ ಕೈಯ ಬ್ರೇಕ್ ಬೇಕು.

ಹೆಡ್ ಟ್ಯೂಬಿನ ತೂತುಗಳ ನಡುವಿನ ಅಂತರ ಅಳೆದಿಡಿ, ಮೇಲೆ ಕೆಳಗಾ ಅಕ್ಕಪಕ್ಕವಾ ಅಂತಲೂ. ಲೋಹದ ಬ್ಯಾಡ್ಜ್ ರಿವೆಟ್ ಹೊಡೆದಿದ್ದ ಜಾಗ ಅದು. ಹಳೇ ಫೋಟೋಗಳ ಜೊತೆ ಹೋಲಿಸಿದರೆ ಕೆಲವು ಕಂಪನಿಗಳನ್ನಾದರೂ ಪಟ್ಟಿಯಿಂದ ಹೊಡೆದುಹಾಕಬಹುದು.

ಕೈಮರ_ಏರು · ಮಂಗಳವಾರ ಬೆಳಿಗ್ಗೆ 9.10

ಎಸ್ಟೇಟ್ ಸೈಕಲ್ಲಲ್ಲಿ ಹಬ್ಬಿನೊಳಗೇ 3 ಗೇರ್ ಇರುವ ಹಳೇ ಇಂಗ್ಲೆಂಡಿನ ಮಾಲು ಸಿಕ್ಕರೆ ಕೆಲಸ ಇನ್ನೂ ಸುಲಭ. ಸ್ಟರ್ಮಿ–ಆರ್ಚರ್ ‘ಎಡಬ್ಲ್ಯು’ ಹಬ್ಬಿನ ಮೈಮೇಲೇ ವರ್ಷ, ತಿಂಗಳು ಅಚ್ಚಾಗಿರ್ತದೆ: ‘62 5’ ಅಂದರೆ 1962ರ ಮೇ.

ಮತ್ತೆ, ಆ ಸ್ಟೀಲ್ ಫ್ರೇಮಿನ ಸೀಟ್ ಪೋಸ್ಟ್ ಅಲ್ಯೂಮಿನಿಯಂ ಆಗಿದ್ದರೆ ನಮ್ಮ ಮಳೆಗೆ ಕಚ್ಚಿಕೊಂಡಿರ್ತದೆ. ಬೆಂಕಿ ತೋರಿಸಬೇಡಿ, ಸ್ಟೀಲಿಗಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗಿ ಇನ್ನೂ ಬಿಗಿಯಾಗ್ತದೆ. ಸೈಕಲ್ ತಲೆಕೆಳಗೆ ಮಾಡಿ, ಬಿ.ಬಿ. ಬಿಚ್ಚಿ ಒಳಗಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಆಮೇಲೆ ಪೋಸ್ಟಿನ ಸುತ್ತ ಐಸ್ ಕಟ್ಟಿ, ಹಳೇ ಸೀಟನ್ನೇ ಹಿಡಿಯಾಗಿ ತಿರುಚಿ.

ಸಂತೇಪೇಟೆ_700 · ಮಂಗಳವಾರ ರಾತ್ರಿ 8.50

ಟಾಪ್ ಟ್ಯೂಬ್ ಮೇಲೆ ಹತ್ತಿ ಆಡಿಸಿದೆ. ಮೊದಲು ಹಸಿರು ನೀರು ಇಳೀತು, ಅದರಡಿ ಬೂದು ಪ್ರೈಮರ್, ಮೂರನೇ ಹತ್ತಿಗೆ ಕಪ್ಪು. ಕಪ್ಪಿನೊಳಗೆ ಬಿಳಿ ಅಕ್ಷರ: ಎ, ಎಲ್, ಎಲ್, ಇ, ಕೊನೆಯದು ಅರ್ಧ ಸವೆದ ಝಡ್. ಅಲೆಜ್ ಅಂತ ಓದಬೇಕಾ?

ಗಾಲಿ_ನೇರ · ಮಂಗಳವಾರ ರಾತ್ರಿ 9.00

ಅಲ್ಲೆ. ಫ್ರೆಂಚ್ ಮಾತು, ‘ನಡಿ, ಹೊರಡು’ ಅಂತ. ಸ್ಪೆಷಲೈಸ್ಡ್ ಈ ಹೆಸರನ್ನು 1981ರಿಂದ ಇಟ್ಟುಕೊಂಡಿದೆ, ಆಗ ಅದು ಸ್ಟೀಲ್ ಫ್ರೇಮ್. ಹಾಗಾಗಿ ಹೆಸರು ಸಿಕ್ಕಿತು ಅಂತ ವರ್ಷ ಸಿಗಲ್ಲ. ವರ್ಷಕ್ಕೆ ಬಿಡಿಭಾಗಗಳ ಕೋಡನ್ನೇ ಹಿಡಿಯಬೇಕು. 2011ರ ಮೇ–ಜೂನ್‌ನಲ್ಲಿ ತಯಾರಾದ ಡಿರೇಲರ್ ಸೈಕಲ್ಲಿಗೆ ಕೂರೋ ಹೊತ್ತಿಗೆ ಕೆಲವು ತಿಂಗಳಾಗುತ್ತೆ. ಮುಂದಿನ ವರ್ಷದ ಮಾಡೆಲ್ಲನ್ನು ಕಂಪನಿಗಳು ಹಿಂದಿನ ವರ್ಷದ ಆಗಸ್ಟ್–ಸೆಪ್ಟೆಂಬರಿನಲ್ಲೇ ಬಿಡುತ್ತವೆ. ಆದ್ದರಿಂದ 2012ರ ಮಾಡೆಲ್ ಅನ್ನೋದು ನನ್ನ ಲೆಕ್ಕ. ಖಚಿತ ಬೇಕಿದ್ದರೆ ಕಂಪನಿಯ ಡೀಲರ್ ಹತ್ತಿರ ಸೀರಿಯಲ್ ನಂಬರ್ ಕೊಟ್ಟು ಕೇಳಿ. ಆಗಲೇ ಕಳವಿನ ದೂರು ಇದೆಯಾ ಅಂತಲೂ ಕೇಳಿ.

ಮಿಲಿಮೀಟರ್_ಅಕ್ಕ · ಮಂಗಳವಾರ ರಾತ್ರಿ 9.20

ಕಳವಿನ ವಿಷಯ ಹಗುರವಾಗಿ ತಗೋಬೇಡಿ. ಸೈಕಲ್ಲಿಗೆ ಆರ್‌ಸಿ ಇಲ್ಲ, ಬಿಲ್ಲೇ ದಾಖಲೆ. ಚೆನ್ನಾಗಿದ್ದ ಫ್ಯಾಕ್ಟರಿ ಬಣ್ಣದ ಮೇಲೆ ಬೇರೆ ಕಂಪನಿಯ ವೇಷ ಹಾಕಿದ್ದಾರೆ ಅಂದರೆ ಕಾರಣ ಕೇಳಲೇಬೇಕು. ನಂಬರನ್ನು ಉಜ್ಜಿಲ್ಲ ಅನ್ನೋದು ಸಮಾಧಾನ, ಉಜ್ಜಿದ್ದರೆ ಹಿಂದಕ್ಕೆ ಕೊಟ್ಟುಬಿಡಿ ಅಂತಿದ್ದೆ. ಮಾರಿದವರಿಂದ ಹೆಸರು, ವಿಳಾಸ, ಸೀರಿಯಲ್ ನಂಬರ್ ಬರೆಸಿ ಸಹಿ ಹಾಕಿಸಿಕೊಳ್ಳಿ. ಕದ್ದದ್ದು ಅಂತ ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಬರುತ್ತೆ.

ಸಂತೇಪೇಟೆ_700 · ಮಂಗಳವಾರ ರಾತ್ರಿ 9.40

ಬರೆಸಿಕೊಳ್ತೀನಿ ಅಕ್ಕ. ಡೀಲರಿಗೂ ನಾಳೆ ಮೇಲ್ ಹಾಕ್ತೀನಿ. ಹಸಿರು ಬಣ್ಣ ಪೂರ್ತಿ ತೆಗೆದು ಪೌಡರ್ ಕೋಟಿಂಗ್ ಮಾಡಿಸಲಾ?

ಬಣ್ಣದಂಗಡಿ · ಮಂಗಳವಾರ ರಾತ್ರಿ 10.15

ಕೆಳಗೆ ಮೂಲ ಬಣ್ಣ ಇದ್ದಮೇಲೆ ಯಾಕೆ? ಥಿನ್ನರಲ್ಲೇ ತೆಗೆದು ಪಾಲಿಶ್ ಹೊಡೆಯಿರಿ, ಗೀರು ಬಿದ್ದ ಕಡೆ ಮುಟ್ಟಿಸಿ. ಮಾಡಿಸಲೇಬೇಕಾದರೆ ಎರಡು ಮಾತು ಮೊದಲೇ ಹೇಳಿ. ಗೇಟು, ಗ್ರಿಲ್ಲಿಗೆ ಕೋಟಿಂಗ್ ಮಾಡೋ ಕಡೆ ಹಳೇ ಬಣ್ಣ ಬಿಡಿಸೋಕೆ ಕಾಸ್ಟಿಕ್ ಸೋಡಾ ತೊಟ್ಟಿಗೆ ಮುಳುಗಿಸ್ತಾರೆ. ಸ್ಟೀಲಿಗೆ ಏನೂ ಆಗಲ್ಲ. ಅಲ್ಯೂಮಿನಿಯಂ ಅದರಲ್ಲಿ ಗುಳ್ಳೆ ಎದ್ದು ಕರಗುತ್ತೆ, ತೆಳು ಪೈಪಿನ ಗೋಡೆ ಇನ್ನೂ ತೆಳುವಾಗಿ ಹೊರಗೆ ಬರುತ್ತೆ, ನೋಡೋಕೆ ಏನೂ ಗೊತ್ತಾಗಲ್ಲ. ಇನ್ನೊಂದು, ಪೌಡರ್ ಬೇಯೋದು 180–200 ಡಿಗ್ರಿಯಲ್ಲಿ. ಶಾಖ ಕೊಟ್ಟು ಗಟ್ಟಿ ಮಾಡಿದ ಅಲ್ಯೂಮಿನಿಯಂಗೆ ಅದಕ್ಕಿಂತ ಹೆಚ್ಚು ಬಿಸಿ, ಹೆಚ್ಚು ಹೊತ್ತು ಒಳ್ಳೆಯದಲ್ಲ. ‘ಇನ್ನೊಂದ್ಸಲ ಒಲೆಗಿಡ್ತೀವಿ’ ಅಂದರೆ ಬೇಡ ಅನ್ನಿ.

ಗಾಲಿ_ನೇರ · ಬುಧವಾರ ಬೆಳಿಗ್ಗೆ 6.50

ಘಾಟ್ ಇಳಿಸೋ ಪ್ರಶ್ನೆ ಉಳಿದಿದೆ. ಬಣ್ಣ ಬಿರುಕು ಮುಚ್ಚೋಕೂ ಹೊಡೆದಿರ್ತಾರೆ. ಹಸಿರು ತೆಗೆದಮೇಲೆ ನಾಲ್ಕು ಜಾಗ ನೋಡಿ: ಡೌನ್ ಟ್ಯೂಬ್ ಹೆಡ್ ಟ್ಯೂಬಿಗೆ ಸೇರೋ ಬೆಸುಗೆಯ ಕೆಳಬದಿ, ಬಿ.ಬಿ. ಹಿಂದಿನ ಚೈನ್ ಸ್ಟೇ (ಹಿಂದಿನ ಗಾಲಿಗೆ ಹೋಗೋ ಪೈಪು), ಚೈನ್ ಕಡೆಯ ಡ್ರಾಪ್‌ಔಟ್, ಸೀಟ್ ಟ್ಯೂಬಿನ ತುದಿಯ ಸೀಳು. ಅನುಮಾನದ ಗೆರೆ ಕಂಡರೆ ಫ್ಯಾಬ್ರಿಕೇಷನ್ ಅಂಗಡಿಯವರ ಹತ್ತಿರ ಡೈ ಪೆನೆಟ್ರಂಟ್ ಮಾಡಿಸಿ. ಆ ಜಾಗದ ಬಣ್ಣ ಪೂರ್ತಿ ತೆಗೆದು, ಕೆಂಪು ದ್ರವ ಹೊಡೆದು 10–15 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಬಿಳಿ ಡೆವಲಪರ್ ಹೊಡೆಯಬೇಕು. ಕ್ಲೀನರನ್ನು ನೇರ ಫ್ರೇಮ್ ಮೇಲೆ ಹೊಡೆದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗುತ್ತೆ, ಬಟ್ಟೆಗೆ ಹೊಡೆದು ಒರೆಸಿ. ಬಿಳಿ ಮೇಲೆ ಕೆಂಪು ಗೆರೆ ಮೂಡಿದರೆ ಅದು ಬಣ್ಣದ ಬಿರುಕಲ್ಲ, ಲೋಹದ್ದು. ಬೆಸುಗೆ ಹಾಕಿಸೋಕೆ ಹೋಗಬೇಡಿ, ಫ್ರೇಮ್ ಗೋಡೆಗೆ ತೂಗುಹಾಕಿ.

ಬ್ರೇಕ್ ರಬ್ಬರ್ ಹನ್ನೆರಡು ವರ್ಷ ದಾಟಿದ್ದರೆ ಕಲ್ಲಾಗಿರುತ್ತೆ, ಉಗುರು ಇಳಿಯದಿದ್ದರೆ ನಾಲ್ಕೂ ಬದಲಿಸಿ. ಒಳಗಿನ ಕೇಬಲ್‌ಗಳನ್ನೂ.

ಸಂತೇಪೇಟೆ_700 · ಶುಕ್ರವಾರ ಸಂಜೆ 7.20

ಹೆಡ್ ಟ್ಯೂಬ್ ಬೆಸುಗೆ ಹತ್ತಿರ ಕಂಡ ಗೆರೆ ಥಿನ್ನರಿಗೇ ಅಳಿಸಿಹೋಯಿತು, ಬಣ್ಣದ್ದು. ಆದರೂ ಡೈ ಹಾಕಿಸಿದೆ, ಕೆಂಪು ಮೂಡಲಿಲ್ಲ. ಡಿರೇಲರ್ ಹ್ಯಾಂಗರ್ (ಹಿಂದಿನ ಡಿರೇಲರ್ ನೇತಾಡೋ ತುಂಡು) ಮಾತ್ರ ಒಳಕ್ಕೆ ಬಾಗಿದೆ. ಎರಡು ಸ್ಕ್ರೂ ಹಾಕಿರೋ ಬೇರೆ ತುಂಡು. ಯಾವುದು ತರಿಸಲಿ?

ಕೈಮರ_ಏರು · ಶುಕ್ರವಾರ ರಾತ್ರಿ 8.15

ಕಂಪನಿ ಗೊತ್ತಾದ ಲಾಭ ಈಗ ಸಿಕ್ಕಿತು ನೋಡಿ. ಹ್ಯಾಂಗರ್ ಫ್ರೇಮಿಂದ ಫ್ರೇಮಿಗೆ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬಿಚ್ಚಿ, ಬಿಳಿ ಕಾಗದದ ಮೇಲಿಟ್ಟು ಪೆನ್ಸಿಲಲ್ಲಿ ಸುತ್ತ ಗೆರೆ ಎಳೆದು, ಸ್ಕ್ರೂ ತೂತುಗಳ ನಡುವಿನ ಅಂತರ ಬರೆಯಿರಿ. ಆ ಫೋಟೋ ಮತ್ತು ‘ಅಲ್ಲೆ, 2012’ ಅಂತ ಕಳಿಸಿದರೆ ಅಂಗಡಿಯವರು ಆಕಾರ ಹೊಂದಿಸಿ ಕೊಡ್ತಾರೆ. ಎರಡು ತರಿಸಿ, ಒಂದು ಸೀಟಿನ ಚೀಲದಲ್ಲಿರಲಿ. ಹಳೆಯದನ್ನು ಬಗ್ಗಿಸಿ ನೇರ ಮಾಡಲು ಹೋದರೆ ಮುರಿಯುವುದು ಘಾಟಿನ ಬುಡದ ಗುಂಡ್ಯದ ಹತ್ತಿರವೇ, ಅಲ್ಲಿ ಯಾವ ಅಂಗಡಿಯಲ್ಲೂ ಅದು ಸಿಗುವುದಿಲ್ಲ.